ಗಾಳಿಡಬ್ಬದ ಹೊನ್ನಕ್ಕ ಮತ್ತು ಒಂದು ಹನಿ ಕಡ್ಲೆಕಾಯಿ ಎಣ್ಣೆ

ಇದು ನಡೆದದ್ದೇ. ಒಂದಕ್ಷರ ಸುಳ್ಳಿದ್ದರೂ ಶಿರಾದಿಂದ ಹಿರಿಯೂರಿಗೆ ಹೋಗುವ ಅಷ್ಟೂ ಲಾರಿಗಳ ಆರಾರು ಚಕ್ರವೂ ಒಂದೇ ಹೊತ್ತಿಗೆ ಪಂಕ್ಚರ್ ಆಗಲಿ. ಈ ಆಣೆ ಹಾಕಿದವನು ಪಾವಗಡದ ಲಾರಿ ಡ್ರೈವರ್ ಬೋರಯ್ಯ. ಅವನ ಲಾರಿಯ ಚಕ್ರಗಳೂ ಈ ಆಣೆಯಲ್ಲಿ ಸೇರಿರುವುದರಿಂದ ಮಾತನ್ನು ನಂಬಬಹುದು.

ಬೆಳಗಿನ ಐದೂಮುಕ್ಕಾಲು. ಶಿರಾದ ಹೆದ್ದಾರಿ ಬದಿಯ ಪೀರ್ ಸಾಬರ ಲಾರಿ ಶೆಡ್ಡಿನಲ್ಲಿ ಇನ್ನೂ ಯಾರ ಕೈಗೂ ಗ್ರೀಸು ಹತ್ತಿಲ್ಲ. ರಾತ್ರಿಯೆಲ್ಲ ಓಡಿ ಬಂದ ನಾಲ್ಕು ಲಾರಿಗಳು ಬಾನೆಟ್ ತೆರೆದುಕೊಂಡು ಆಕಳಿಸುತ್ತ ನಿಂತಿವೆ. ಶೆಡ್ಡಿನ ಪಕ್ಕದ ಹುಣಸೆಮರದ ಬುಡದಲ್ಲಿ ಮಾತ್ರ ಆಗಲೇ ಟಪ್ ಟಪ್ ಎಂದು ತಟ್ಟುವ ಸದ್ದು. ಸೆರಗನ್ನು ಮೂಗಿಗೆ ಬಿಗಿದು, ಕಾಲ ಮುಂದೆ ಸೀಮೆಎಣ್ಣೆಯ ಬೋಗುಣಿ ಇಟ್ಟುಕೊಂಡು, ನಲವತ್ತೆರಡರ ಹೊನ್ನಕ್ಕ ಕೂತಿದ್ದಾಳೆ. ಮಡಿಲಲ್ಲಿ ಮಗುವಿನ ಹಾಗೆ ಮಲಗಿರುವುದು ಲಾರಿಯ ಗಾಳಿಡಬ್ಬ. ಅಂದರೆ ಏರ್ ಫಿಲ್ಟರ್.

ಲಾರಿಯ ಇಂಜಿನ್ನು ಉಸಿರೆಳೆಯುವುದು ಈ ಡಬ್ಬದ ಮೂಲಕ. ತಳದಲ್ಲಿ ಎಣ್ಣೆ, ಮೇಲೆ ತಂತಿಯ ಜಾಲರಿ. ಒಳಗೆ ಬಂದ ಗಾಳಿಯ ಧೂಳೆಲ್ಲ ಎಣ್ಣೆಗೆ ಅಂಟಿಕೊಂಡು, ಶುದ್ಧವಾದದ್ದು ಮಾತ್ರ ಇಂಜಿನ್ನಿಗೆ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಎಣ್ಣೆ ಕೆಸರಾಗಿ, ಲಾರಿ ದಮ್ಮು ಹಿಡಿದ ಮುದುಕನಂತೆ ಏದುಸಿರು ಬಿಡುತ್ತದೆ. ಹೊನ್ನಕ್ಕ ಆ ಕೆಸರು ಬಳಿದು, ಜಾಲರಿ ತೊಳೆದು, ಹೊಸ ಎಣ್ಣೆ ಹುಯ್ದು ಕೊಡುತ್ತಾಳೆ. ಇಷ್ಟೇ ಆಕೆಯ ಕಸುಬು. ದಿನಕ್ಕೆ ಮೂವತ್ತು ಡಬ್ಬ. ಕಡ್ಲೆಕಾಯಿ ಸುಗ್ಗಿಯಲ್ಲಿ ಐವತ್ತು. ಎಪ್ಪತ್ತೈದರಿಂದ ಇಲ್ಲಿಗೆ ಹನ್ನೊಂದು ವರ್ಷ. ಲಕ್ಷದ ಹತ್ತಿರ ಡಬ್ಬ ಆ ಮಡಿಲಲ್ಲಿ ಮಲಗಿ ಎದ್ದು ಹೋಗಿವೆ.

ಡಬ್ಬದ ಮುಚ್ಚಳ ತೆಗೆದ ಕೂಡಲೇ ಲಾರಿ ಎಲ್ಲಿಂದ ಬಂತೆಂದು ಹೊನ್ನಕ್ಕ ಹೇಳಬಲ್ಲಳು. ಕೆಮ್ಮಣ್ಣಾದರೆ ಕೊರಟಗೆರೆ, ತೋವಿನಕೆರೆ ಕಡೆಯದು. ಕರೀ ಜಿಗುಟಾದರೆ ಹಿರಿಯೂರಿನ ಎರೆಭೂಮಿ. ಬೆಳ್ಳಗೆ ಹಿಟ್ಟಿನ ಹಾಗಿದ್ದರೆ ಪಾವಗಡ. "ಪಾವಗಡದ್ದಂತೂ ಧೂಳಲ್ಲ ಕಣ್ರಿ, ಊರೇ ಬಂದ್ಬುಟ್ಟಿರ್ತೈತೆ," ಎಂದು ಪತ್ರಿಕೆಗೆ ಬರೆದುಕೊಳ್ಳಲು ಬಂದವರಿಗೆ ಹೇಳುತ್ತಾಳೆ. ಹಿಂದೊಮ್ಮೆ ಅಲ್ಲಿಂದ ಬಂದ ಬಸ್ಸಿನ ಡಬ್ಬದಿಂದ ತೆಗೆದ ಮಣ್ಣಿನಲ್ಲಿ ಆಕೆ ಹಾಗಲಬಳ್ಳಿ ಹಬ್ಬಿಸಿದಳಂತೆ. ಬಳ್ಳಿ ಶೆಡ್ಡಿನ ತಗಡಿನ ಮೇಲೆ ಈಗಲೂ ಇದೆ. ಕಾಯಿ ಮಾತ್ರ ಸ್ವಲ್ಪ ಡೀಸೆಲ್ ವಾಸನೆ.

"ಏಮಕ್ಕಾ, ನಂದು ಮುಗೀತಾ," ಎನ್ನುತ್ತ ಬೋರಯ್ಯ ಟೀ ಲೋಟ ಹಿಡಿದು ಬರುತ್ತಾನೆ.

"ಮುಗೀತು ತಗಳಪ್ಪ. ಇದ್ರೊಳ್ಗೆ ಗುಬ್ಬಚ್ಚಿ ರೆಕ್ಕೆ ಐತಲ್ಲೋ. ಹಕ್ಕೀನೂ ಕುಡಿಸ್ತೀಯಾ ಇಂಜಿನ್ಗೆ?"

"ಅದು ಅಡ್ಡ ಬಂತಕ್ಕಾ, ನೇನೇಂ ಜೇಸೇದಿ," ನಾನೇನು ಮಾಡಲಿ ಎಂದು ಬೋರಯ್ಯ ಪಾವಗಡದ ತೆಲುಗು ಬೆರೆಸಿ ನಗುತ್ತಾನೆ. ಹೊನ್ನಕ್ಕ ತೊಳೆದುಕೊಟ್ಟ ಮೇಲೆ ತನ್ನ ಲಾರಿ ಎಷ್ಟು ಜೋರು ಹೋಗುತ್ತದೆಂದರೆ, ಹಾರನ್ ಒತ್ತಿದರೆ ಸದ್ದು ಹಿಂದೆ ಬೀಳುತ್ತದೆ, ಲಾರಿ ಮುಂದಿನ ಊರು ಸೇರಿದ ಮೇಲೆ ಹಾರನ್ ಬಂದು ಮುಟ್ಟುತ್ತದೆ ಎಂದು ಎಲ್ಲರೆದುರು ಹೇಳಿ ಹೋಗುತ್ತಾನೆ.

ಹೊನ್ನಕ್ಕ ಶಿರಾ ಪಕ್ಕದ ಹಟ್ಟಿಯವಳು. ತವರಿನಲ್ಲಿ ಕುರಿ. ಹತ್ತೊಂಬತ್ತಕ್ಕೆ ಶಿರಾದ ಒಂದು ಕಡ್ಲೆಕಾಯಿ ಮಿಲ್ಲಿಗೆ ಕೆಲಸಕ್ಕೆ ಬಂದಳು. ಮಿಲ್ಲಿನಲ್ಲಿ ಕಾಯಿ ಒಡೆಯುವ ಮಿಷನ್ನಿನ ಕೆಳಗೊಂದು ದೊಡ್ಡ ಫ್ಯಾನು. ಒಡೆದ ಕಾಯಿ ಮೇಲಿಂದ ಬೀಳುವಾಗ ಫ್ಯಾನಿನ ಗಾಳಿ ಸಿಪ್ಪೆಯನ್ನು ಹಾರಿಸಬೇಕು, ಬೀಜ ಕೆಳಗೆ ಉಳಿಯಬೇಕು. ಗಾಳಿ ಹೆಚ್ಚಾದರೆ ಬೀಜವೂ ಹಾರಿಹೋಗುತ್ತದೆ, ಕಡಿಮೆಯಾದರೆ ಸಿಪ್ಪೆ ಬೀಜದಲ್ಲೇ ಉಳಿಯುತ್ತದೆ. ಆ ದಿನಗಳಲ್ಲಿ ಶಿರಾದ ಕರೆಂಟು ಗಳಿಗೆಗೊಂದು ಬಗೆ. ಫ್ಯಾನು ಒಮ್ಮೆ ರೊಯ್ಯೆನ್ನುವುದು, ಒಮ್ಮೆ ತೂಕಡಿಸುವುದು.

ಹೊನ್ನಕ್ಕ ಯಾರೂ ಹೇಳದೆ ಒಂದು ಉಪಾಯ ಮಾಡಿದಳು. ಗಾಳಿ ಬರುವ ಬಾಯಿಗೆ ಅಂಗೈಯಗಲದ ಗೋಣಿತಟ್ಟಿನ ತುಂಡು ಕಟ್ಟಿದಳು. ಗಾಳಿ ಜೋರಾದರೆ ತಟ್ಟು ಮೇಲೇಳುತ್ತದೆ, ಇಳಿದರೆ ಜೋತು ಬೀಳುತ್ತದೆ. ಅದು ಎಷ್ಟು ಎದ್ದಿದೆ ಎಂದು ನೋಡಿ ಆಕೆ ಕೈಯೆತ್ತಿ ಸನ್ನೆ ಮಾಡುವಳು. ಮೇಲೆ ಅಟ್ಟಣೆಯಲ್ಲಿ ಕಾಯಿ ಸುರಿಯುತ್ತಿದ್ದ ಯತ್ತಪ್ಪ ಆ ಕೈ ನೋಡಿಕೊಂಡು ಹೆಚ್ಚೋ ಕಡಿಮೆಯೋ ಸುರಿಯುವನು.

"ಗಾಳಿ ಎಷ್ಟೋ ಕಾಯಿ ಅಷ್ಟು. ಅಷ್ಟೇಯ ಇದ್ಯೆ," ಎನ್ನುತ್ತಾಳೆ. "ಅಯಪ್ಪ ಎರಡು ವರ್ಸ ನನ್ ಕೈ ನೋಡ್ಕೊಂಡು ಸುರಿದ. ಮೂರನೇ ವರ್ಸ ಮನೇಗೆ ಬಂದು ಕೇಳ್ದ."

ಎಪ್ಪತ್ತೈದರಲ್ಲಿ ಮಿಲ್ಲು ಮುಚ್ಚಿತು. ಗಂಡ ಯತ್ತಪ್ಪ ಕುರಿ ಹಿಂದೆ ಹೋದ. ಹೊನ್ನಕ್ಕನಿಗೆ ಉಳಿದದ್ದು ಮನೆಮನೆಗೆ ಹೋಗಿ ಕಾಯಿ ಬಿಡಿಸುವ ಕೂಲಿ. ಒಂದು ದಿನ ಪೀರ್ ಸಾಬರ ಶೆಡ್ಡಿನ ಮುಂದೆ ಹಾದು ಹೋಗುವಾಗ, ಮೂವರು ಮೇಸ್ತ್ರಿಗಳು ಬಿಚ್ಚಿ ಬಿಚ್ಚಿ ಸೋತಿದ್ದ ಲಾರಿಯ ಸದ್ದು ಕೇಳಿ, "ಅದಕ್ಕೆ ಗಾಳಿ ಸಾಲ್ದು ಕಣ್ರಿ" ಎಂದಳಂತೆ. ಸಾಬರು ಗಾಳಿಡಬ್ಬ ಬಿಚ್ಚಿ ನೋಡಿದರೆ ಒಳಗೆ ಇಲಿ ಗೂಡು ಕಟ್ಟಿ ಮರಿ ಹಾಕಿತ್ತು. ಅವತ್ತೇ ಹುಣಸೆಮರದ ಬುಡ ಆಕೆಯದಾಯಿತು. ಈಗ ಪುಣೆಯಿಂದ ಹೊರಟ ಡ್ರೈವರುಗಳೂ "ಸಿರಾ ಹೊನ್ನಕ್ಕನ ಹತ್ರ ಡಬ್ಬ ತೊಳ್ಸಾನ" ಎಂದು ಅಲ್ಲಿವರೆಗೆ ಕಾಯುತ್ತಾರೆ. ಈ ಮರದ ಬುಡ ಬಿಟ್ಟರೆ ಆಕೆಗೆ ಮತ್ತೆ ಕಾಯಿ ಬಿಡಿಸುವ ಕೂಲಿಯೇ ಗತಿ.

ಹೋದ ವರ್ಷ ಈ ಮರದ ಬುಡವೇ ಕೈಬಿಡುವ ಹಾಗಾಗಿತ್ತು. ಬಿಡಿಸಲು ಹೊರಟದ್ದು ಒಂದು ಕಾರು.

ಕಾರು ಮಧುಗಿರಿಯ ಕಂಟ್ರಾಕ್ಟರ್ ಬಸವಲಿಂಗಯ್ಯನವರದು. ಅವರ ತಮ್ಮ ಕುವೈತಿನಲ್ಲಿ ಕೆಲಸ ಮುಗಿಸಿ ಬರುವಾಗ ಹಡಗಿನಲ್ಲಿ ಹಾಕಿಕೊಂಡು ಬಂದದ್ದು. ಜರ್ಮನಿಯಲ್ಲಿ ಹುಟ್ಟಿದ್ದು. ಅದರ ಬಾನೆಟ್ ತೆಗೆದಾಗ ಪೀರ್ ಸಾಬರು ಬಗ್ಗಿ ನೋಡಿ, ಈ ಕಡೆಯಿಂದ ನೋಡಿ, ಆ ಕಡೆಯಿಂದ ನೋಡಿ, ಕೊನೆಗೆ ಟೋಪಿ ತೆಗೆದು ತಲೆ ಕೆರೆದುಕೊಂಡರು. ಅದರಲ್ಲಿ ಕಾರ್ಬುರೇಟರೇ ಇರಲಿಲ್ಲ. ಅಂಬಾಸಿಡರ್ ಆಗಲಿ ಜೀಪಾಗಲಿ, ಗಾಳಿಯನ್ನೂ ಪೆಟ್ರೋಲನ್ನೂ ಕಲೆಸಿ ಇಂಜಿನ್ನಿಗೆ ಕೊಡುವುದೇ ಕಾರ್ಬುರೇಟರು. ಅದಿಲ್ಲದೆ ಕಾರು ಓಡುವುದೆಂದರೆ ಒಲೆಯಿಲ್ಲದೆ ಮುದ್ದೆ ಬೆಂದ ಹಾಗೆ.

"ಇದು ಫ್ಯೂಯೆಲ್ ಇಂಜೆಕ್ಷನ್ ಸಾಬ್ರೇ," ಎಂದರು ಬಸವಲಿಂಗಯ್ಯ, ತಾವೇ ಕಂಡುಹಿಡಿದವರಂತೆ. "ಪೆಟ್ರೋಲನ್ನ ಪಿಚಕಾರೀಲಿ ಹೊಡಿತೈತೆ. ಇದ್ನೆಲ್ಲ ಮುಟ್ಟಬ್ಯಾಡಿ. ಗಾಳಿಡಬ್ಬ ಒಂದು ಧೂಳು ತೆಗೀರಿ, ಸಾಕು."

ಹೊನ್ನಕ್ಕ ಡಬ್ಬ ಬಿಚ್ಚಿದಳು. ಒಳಗಿದ್ದದ್ದು ಕಾಗದದ ಫಿಲ್ಟರು. ಕಾಗದವನ್ನು ತೊಳೆಯಬಾರದು, ತಟ್ಟಬೇಕು ಎಂಬುದು ಆಕೆಗೆ ಗೊತ್ತಿತ್ತು. ತಟ್ಟಿ ಇಟ್ಟಳು. ಡಬ್ಬ ತೆಗೆದ ಜಾಗದಲ್ಲಿ ಇನ್ನೊಂದು ಅಲ್ಯುಮಿನಿಯಂ ಪೆಟ್ಟಿಗೆ ಕಂಡಿತು. ಅದರ ಬಾಯಲ್ಲಿ ಚೌಕದ ತಗಡಿನ ಬಾಗಿಲು. ಬೆರಳಿಂದ ತಳ್ಳಿದರೆ ಒಳಗೆ ಹೋಗುತ್ತದೆ, ಬಿಟ್ಟರೆ ವಾಪಸು ಬರುತ್ತದೆ. ಹೋಗಿ ಬರುವಾಗ ಸಣ್ಣಗೆ ಕಿರ್ ಎಂದಿತು.

ಶಿರಾ ಸೀಮೆಯಲ್ಲಿ ಕಿರ್ ಎನ್ನುವ ಯಾವುದಕ್ಕೂ ಒಂದೇ ಮದ್ದು. ಬಾಗಿಲ ಕೀಲು, ಬಾವಿಯ ರಾಟೆ, ಹೊಲಿಗೆ ಮಿಷನ್ನು, ಮುದುಕರ ಮೊಣಕಾಲು, ಎಲ್ಲಕ್ಕೂ ಕಡ್ಲೆಕಾಯಿ ಎಣ್ಣೆ. ಹೊನ್ನಕ್ಕನ ಪಕ್ಕದಲ್ಲಿ ಅದರದೊಂದು ಬುಡ್ಡಿ ಸದಾ ಇರುತ್ತದೆ. ಒಂದು ಹನಿ ಬಾಗಿಲ ಕೀಲಿಗೆ ಬಿಟ್ಟಳು. ಸದ್ದು ಅಡಗಿತು. ಕಾರು ಸರ್ರನೆ ಹೋಯಿತು.

ಹನ್ನೆರಡು ದಿನವಾದ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ಅದೇ ಕಾರು ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಬಸವಲಿಂಗಯ್ಯ ಇಳಿದ ರಭಸಕ್ಕೆ ಬಾಗಿಲು ಎರಡು ಸಲ ಬಡಿಯಿತು. ಕಾರು ನಿಂತಲ್ಲೇ ಕರೀ ಹೊಗೆ ಉಗುಳುತ್ತದೆ, ಮಧುಗಿರಿ ದಾರಿಯ ಏರಿನಲ್ಲಿ ಕೆಮ್ಮಿ ಕೆಮ್ಮಿ ಸಾಯುತ್ತದೆ. ಬೆಂಗಳೂರಿನ ಗ್ಯಾರೇಜೊಂದರಲ್ಲಿ ಎರಡು ದಿನ ನಿಲ್ಲಿಸಿ ನೋಡಿ, ಅಲ್ಯುಮಿನಿಯಂ ಪೆಟ್ಟಿಗೆಯೇ ಹೋಗಿದೆ, ಜರ್ಮನಿಯಿಂದ ಹೊಸದು ಬರಲು ಆರು ತಿಂಗಳು ಬೇಕು ಎಂದು ಕಳಿಸಿದ್ದಾರೆ.

"ಇಲ್ಲಿಗೆ ಬರೋತನ್ಕ ಕುದ್ರೆ ಹಂಗಿತ್ತು," ಎಂದರು ಬಸವಲಿಂಗಯ್ಯ. "ಇಲ್ಲಿಂದ ಹೋದ್ಮೇಲೆ ಹಿಂಗಾಗೈತೆ. ಈಯಮ್ಮ ಏನೋ ಮಾಡವ್ಳೆ. ಸಾಬ್ರೇ, ನಿಮ್ಮ ಶೆಡ್ಡಿಗೆ ನನ್ನ ಹನ್ನೆರಡು ಲಾರಿ ಬರ್ತವೆ. ಈ ಮರದ ಬುಡದಾಗೆ ಇವ್ಳಿದ್ರೆ ನಾಳೆಯಿಂದ ಒಂದೂ ಬರಲ್ಲ."

ಪೀರ್ ಸಾಬರು ಕಾರು ನೋಡಿದರು, ಹೊನ್ನಕ್ಕನನ್ನು ನೋಡಿದರು, ಹೆಗಲ ಮೇಲಿನ ಟವಲು ನೋಡಿಕೊಂಡರು. "ದೇಖೋ ಹೊನ್ನಕ್ಕ," ಎಂದರು. "ನಾನು ಜುಮ್ಮಾ ನಮಾಜಿಗೆ ಹೋಗಿ ಬರ್ತೀನಿ. ಬರೋದ್ರಾಗೆ ಈ ಗಾಡಿ ಓಡ್ತಿದ್ರೆ ನೀನು ಇಲ್ಲೇ. ಇಲ್ಲಾಂದ್ರೆ ನಿನ್ನ ಬೋಗುಣಿ ಗೀಗುಣಿ ಕಟ್ಕೊಂಬುಡು. ನಾನೇನು ಮಾಡ್ಲಿ, ಹನ್ನೆರಡು ಲಾರಿ."

ಬಸವಲಿಂಗಯ್ಯ ಎದುರಿನ ಹೋಟೆಲ್ಲಿನ ಬೆಂಚಿನಲ್ಲಿ ಕೂತು, ಕಣ್ಣು ಮಾತ್ರ ಕಾರಿನ ಮೇಲಿಟ್ಟರು. ಹೊನ್ನಕ್ಕ ಬಾನೆಟ್ ಎತ್ತಿದಳು. ಎದುರಿನ ರೇಡಿಯೋ ರಿಪೇರಿ ಅಂಗಡಿಯ ಜಯರಾಮಯ್ಯ, ಕೆಲಸವಿಲ್ಲದ್ದರಿಂದಲೋ ಕುತೂಹಲದಿಂದಲೋ, ಸ್ಕ್ರೂಡ್ರೈವರ್ ಕಿವಿಗೆ ಸಿಕ್ಕಿಸಿಕೊಂಡು ಬಂದು ಪಕ್ಕದಲ್ಲಿ ನಿಂತ.

ಗ್ಯಾರೇಜಿನವರು ಅಷ್ಟು ಓದಿಕೊಂಡು ಹೊಸದು ತರಿಸಿ ಎಂದಿದ್ದಾರೆ. ಹೊನ್ನಕ್ಕ ಓದಿದ್ದು ಎರಡನೇ ಕ್ಲಾಸು. ಆದರೆ ಆ ಗಳಿಗೆಯಲ್ಲಿ ಮರದ ಬುಡ ಹೋಗುವ ಭಯಕ್ಕಿಂತ ಮುಂಚೆ ಒಂದು ಪ್ರಶ್ನೆ ಆಕೆಯ ತಲೆ ಹೊಕ್ಕಿತು.

"ಜಯರಾಮಣ್ಣ, ಇಂಜಿನ್ಗೆ ಗಾಳಿ ಬೇಕು ಹೌದಾ? ಬೇಕು ಅನ್ನೋರು ಗಾಳಿ ಬರೋ ದಾರೀಗೆ ಬಾಗ್ಲು ಯಾತಕ್ಕೆ ಮಡಗವ್ರೆ?"

"ಕಳ್ರು ಬರ್ದಿರ್ಲಿ ಅಂತ," ಎಂದ ಜಯರಾಮಯ್ಯ.

"ತಮಾಸೆ ಬುಡಣ್ಣ. ಇದಕ್ಕೆ ಚಿಲ್ಕ ಇಲ್ಲ, ಬೀಗ ಇಲ್ಲ. ತಡೆಯೋ ಬಾಗ್ಲಲ್ಲ ಇದು. ಗಾಳಿ ಬಂದಷ್ಟೂ ತೆರ್ಕಂತೈತೆ."

ಹಾಗೆನ್ನುತ್ತಿದ್ದಂತೆಯೇ ಮಿಲ್ಲಿನ ಫ್ಯಾನಿನ ಬಾಯಿ ಕಣ್ಣಿಗೆ ಕಟ್ಟಿತು. ಅಲ್ಲಿ ತಾನು ಕಟ್ಟಿದ್ದ ತಟ್ಟೂ ಗಾಳಿಯನ್ನು ತಡೆಯಲಿಕ್ಕಲ್ಲ, ಎಷ್ಟು ಗಾಳಿ ಎಂದು ನೋಡಲಿಕ್ಕೆ. ಇದೂ ಅದೇ. ಜರ್ಮನಿಯವನು ತಟ್ಟಿನ ಬದಲು ತಗಡು ಕಟ್ಟಿದ್ದಾನೆ. ಜೋತು ಬೀಳುವ ಬದಲು ವಾಪಸು ಬರಲಿ ಎಂದು ಸ್ಪ್ರಿಂಗು ಹಾಕಿದ್ದಾನೆ. ಇಂಜಿನ್ನು ಜೋರಾಗಿ ಉಸಿರೆಳೆದರೆ ತಗಡು ಹೆಚ್ಚು ತೆರೆಯುತ್ತದೆ, ಮೆಲ್ಲಗೆ ಎಳೆದರೆ ಒಂದಿಷ್ಟೇ.

"ಸರಿ, ತಟ್ಟು ಸಿಕ್ತು," ಎಂದಳು. "ಅದನ್ನ ನೋಡ್ಕೊಂಡು ಕೈ ಎತ್ತೋರು ಯಾರು?"

ಈಗ ಜಯರಾಮಯ್ಯನಿಗೂ ಆಸೆ ಹತ್ತಿತು. ಪೆಟ್ಟಿಗೆಯ ನೆತ್ತಿಯಲ್ಲಿ ಒಂದು ಕರೀ ಮುಚ್ಚಳ. ಅಂಚಿಗೆ ಅಂಟು ಮೆತ್ತಿತ್ತು. ಬ್ಲೇಡಿನಿಂದ ಹುಷಾರಾಗಿ ಎಬ್ಬಿಸಿದ. ಒಳಗೆ ಇಣುಕಿದವನೇ ನಕ್ಕುಬಿಟ್ಟ.

"ಲೇ ಹೊನ್ನಕ್ಕ, ಇದು ರೇಡಿಯೋ ವಾಲ್ಯೂಮು ಕಣೇ. ದಿನಾ ಹತ್ತು ರಿಪೇರಿ ಮಾಡ್ತೀನಿ. ನಾವು ಕೈಯಾಗೆ ತಿರುಗಿಸ್ತೀವಿ, ಇಲ್ಲಿ ಗಾಳಿ ತಿರುಗಿಸ್ತೈತೆ. ಬಾಗ್ಲು ಎಷ್ಟು ತೆರೀತೋ ಈ ಕಡ್ಡಿ ಅಷ್ಟು ಸರೀತೈತೆ, ಅಷ್ಟು ಕರೆಂಟು ಆ ವೈರಾಗೆ ಹೋಗ್ತೈತೆ."

ವೈರು ಹಿಡಿದುಕೊಂಡು ಇಬ್ಬರೂ ಹೊರಟರು. ಅದು ಇಂಜಿನ್ನು ದಾಟಿ, ಗೋಡೆ ತೂರಿ, ಕಾರಿನ ಒಳಗೆ ಮುಂದಿನ ಸೀಟಿನಲ್ಲಿ ಕೂತವರ ಕಾಲ ಬಳಿ ಒಂದು ತಗಡಿನ ಪೆಟ್ಟಿಗೆಗೆ ಹೋಗಿ ಸೇರಿತ್ತು. ಆ ಪೆಟ್ಟಿಗೆಯಿಂದ ಹೊರಟ ಬೇರೆ ವೈರುಗಳು ಪೆಟ್ರೋಲ್ ಚಿಮ್ಮಿಸುವ ಪಿಚಕಾರಿಗಳಿಗೆ.

"ಅಲ್ಲವ್ನೆ ಯತ್ತಪ್ಪ," ಎಂದಳು ಹೊನ್ನಕ್ಕ. "ಅಟ್ಟಣೆ ಮೇಲೆ ಕೂತು, ಸನ್ನೆ ನೋಡ್ಕೊಂಡು ಸುರೀತಾ."

ಒಂದು ಲೀಟರ್ ಪೆಟ್ರೋಲು ಚೆನ್ನಾಗಿ ಉರಿಯಬೇಕಾದರೆ ಸುಮಾರು ಒಂಬತ್ತು ಸಾವಿರ ಲೀಟರ್ ಗಾಳಿ ಬೇಕು. ಅದರಲ್ಲಿ ಹೆಚ್ಚುಕಡಿಮೆಯಾದರೆ ಗಾಡಿ ಹೊಗೆ ಉಗುಳುತ್ತದೆ, ಇಲ್ಲವೇ ಸುಸ್ತಾಗಿ ನಿಲ್ಲುತ್ತದೆ. ಕಾರ್ಬುರೇಟರು ಇದನ್ನು ಒಂದು ಅಂದಾಜಿನಲ್ಲಿ ಮಾಡುತ್ತದೆ. ಈ ಕಾರಿನಲ್ಲಿ ಮೊದಲು ಗಾಳಿಯನ್ನು ಅಳೆದು, ಆಮೇಲೆ ಪೆಟ್ರೋಲ್ ಸುರಿಯುವ ಏರ್ಪಾಟು. ಸುರಿಯುವವನಿಗೆ ಕಣ್ಣಿಲ್ಲ. ತಗಡು ಹೇಳಿದ್ದೇ ಅವನಿಗೆ ವೇದ.

ಹೊನ್ನಕ್ಕ ತಗಡಿನ ಬಾಗಿಲನ್ನು ಬೆರಳಿಂದ ತಳ್ಳಿದಳು. ಹೋಯಿತು. ಬೆರಳು ತೆಗೆದಳು. ಅದು ಬಾಡೂಟ ಉಂಡವನ ಹಾಗೆ ನಿಧಾನಕ್ಕೆ ಅರ್ಧ ದಾರಿ ಬಂದು, ಅಲ್ಲೇ ನಿಂತುಬಿಟ್ಟಿತು. ಗಾಡಿ ನಿಂತಿದ್ದರೂ ಬಾಗಿಲು ಅರ್ಧ ತೆರೆದೇ ಇದೆ. ಅಂದರೆ ಇಂಜಿನ್ನು ಮೆಲ್ಲಗೆ ಉಸಿರಾಡುವಾಗಲೂ, ಜೋರು ಗಾಳಿ ಬರುತ್ತಿದೆ ಎಂದು ತಗಡು ಸುಳ್ಳು ಸನ್ನೆ ಕೊಡುತ್ತಿದೆ. ಕುರುಡ ನಂಬಿಕೊಂಡು ಪೆಟ್ರೋಲ್ ಸುರಿಯುತ್ತಿದ್ದಾನೆ. ಕರೀ ಹೊಗೆ ಅದರದೇ. ಏರು ಬಂದು ಬಾಗಿಲು ಪೂರ್ತಿ ತೆರೆಯಬೇಕಾದಾಗ ಅದು ತಡವರಿಸುತ್ತದೆ. ಕೆಮ್ಮು ಅದರದು.

ಬಾಗಿಲ ಕೀಲಿನ ಬಳಿ ಬೆರಳಾಡಿಸಿದಳು. ಅಂಟು, ಧೂಳು ಕಲೆತ ಕಂದು ಜಿಗುಟು. ಬೆರಳನ್ನು ಮೂಗಿಗೆ ಹಿಡಿದಳು. ಮುಖ ಇಳಿಯಿತು.

"ಏನಾಯ್ತು?" ಎಂದ ಜಯರಾಮಯ್ಯ.

"ಕಡ್ಲೆಕಾಯಿ ಎಣ್ಣೆ. ನಂದೇ. ಇಂಜಿನ್ ಬಿಸೀಗೆ ಕಾದು, ಧೂಳು ತಿಂದು, ಗೋಂದು ಆಗ್ಬುಟ್ಟೈತೆ."

ಜಯರಾಮಯ್ಯ ಹೋಟೆಲ್ಲಿನ ಕಡೆ ನೋಡಿ ದನಿ ತಗ್ಗಿಸಿದ. "ಬೆಂಗ್ಳೂರೋರೂ ಬಿಚ್ಚವ್ರಲ್ಲ. ಅವ್ರ ಮೇಲೆ ಹಾಕ್ಬುಡು."

"ಬೆಂಗ್ಳೂರೋರು ಕಡ್ಲೆಕಾಯಿ ಎಣ್ಣೆ ಬುಡ್ತಾರೇನಣ್ಣ? ಮೂಗಿರೋ ಯಾವನ್ ಬಂದ್ರೂ ಹೇಳ್ತಾನೆ ಇದು ಸಿರಾದ್ದು ಅಂತ." ಬೆರಳನ್ನು ಸೆರಗಿಗೆ ಒರೆಸಿಕೊಂಡು ಅಂದಳು: "ಸುಳ್ಳು ಸನ್ನೆ ಕೊಟ್ಟಿದ್ಕೇ ಗಾಡಿ ಇಂಗಾಗಿರೋದು. ನಾನೂ ಒಂದು ಸುಳ್ಳು ಹೇಳ್ಲಾ?"

ರಸ್ತೆ ದಾಟಿ ಹೋಗಿ, ಹೋಟೆಲ್ಲಿನಲ್ಲಿ ಕೂತಿದ್ದ ಅಷ್ಟೂ ಡ್ರೈವರುಗಳ ಮುಂದೆ ಬಸವಲಿಂಗಯ್ಯನವರಿಗೆ ಹೇಳಿದಳು. "ಸ್ವಾಮಿ, ಗಾಡಿ ಕೆಡಿಸಿದ್ದು ನಾನೇ. ಕಿರ್ ಅಂತಿತ್ತು, ಒಂದು ಹನಿ ಎಣ್ಣೆ ಬುಟ್ಟೆ. ಬುಡಬಾರ್ದಿತ್ತು."

ಬಸವಲಿಂಗಯ್ಯನವರ ಕೈಯಲ್ಲಿದ್ದ ವಡೆ ಅಲ್ಲೇ ನಿಂತಿತು. ಆಕೆ ಅಳುತ್ತಾಳೆ, ಇಲ್ಲವೆನ್ನುತ್ತಾಳೆ ಎಂದು ಅವರು ಕಾದಿದ್ದರು. "ಮತ್ತೆ, ಮುಟ್ಟಬ್ಯಾಡ ಅದನ್ನ," ಎಂದರು.

"ಮುಟ್ದೆ ಇದ್ರೆ ಆರು ತಿಂಗ್ಳು ಹಡಗು ಕಾಯ್ಬೇಕು ಸ್ವಾಮಿ. ಹೆಂಗೆ ಕೆಡ್ತು ಅಂತ ನಂಗೆ ಗೊತ್ತಾಗೈತೆ. ಕೆಡಿಸ್ದೋಳ ಕೈಗೆ ಒಂದ್ಸಲ ಕೊಟ್ಟು ನೋಡ್ರಿ."

ಬಸವಲಿಂಗಯ್ಯ ವಡೆಯನ್ನು ಅಲ್ಲೇ ಬಿಟ್ಟು, ಕಾವಲು ನಿಲ್ಲಲು ಕಾರಿನ ಬಳಿಗೆ ಬಂದರು.

ಹೊನ್ನಕ್ಕ ಶೆಡ್ಡಿನ ಹಿಂದಿನಿಂದ ಐದಾರು ಕೋಳಿಪುಕ್ಕ ಹೆಕ್ಕಿ ತಂದಳು. ಬಟ್ಟೆ ನೂಲು ಬಿಡುತ್ತದೆ, ಬ್ರಷ್ಷು ಗೀರುತ್ತದೆ, ಕೋಳಿಪುಕ್ಕ ಎರಡೂ ಮಾಡುವುದಿಲ್ಲ. ಪೆಟ್ರೋಲಿನಲ್ಲಿ ಅದ್ದಿ, ಕೀಲನ್ನೂ ಬಾಗಿಲ ಅಂಚನ್ನೂ ಸವರಿದಳು. ವಾಲ್ಯೂಮ್ ಕಡೆಗೆ ಒಂದು ಹನಿಯೂ ಹೋಗದಂತೆ ಪೆಟ್ಟಿಗೆಯನ್ನು ಓರೆ ಹಿಡಿದವನು ಜಯರಾಮಯ್ಯ. ನಾಲ್ಕು ಪುಕ್ಕ ಹೋದವು. ಐದನೆಯದಕ್ಕೆ ಬಾಗಿಲು ತಳ್ಳಿ ಬಿಟ್ಟರೆ ಟಪ್ ಎಂದು ವಾಪಸು ಬಂದು ಕೂತಿತು. ಜೊತೆಗೆ ಸಣ್ಣಗೆ ಕಿರ್ ಎಂದಿತು. ಹೊನ್ನಕ್ಕನ ಕೈ ಎಣ್ಣೆ ಬುಡ್ಡಿಯ ಕಡೆಗೆ ತಾನಾಗಿಯೇ ಹೋಯಿತಂತೆ. ಜಯರಾಮಯ್ಯ ಆ ಕೈ ಹಿಡಿದುಕೊಂಡ.

ಒರೆಸಿ, ಒಣಗಿಸಿ, ಕೂಡಿಸಿದ ಮೇಲೆ ಕೀ ತಿರುಗಿಸಿದರು. ಕಾರು ಹತ್ತಿತು. ಕರೀ ಹೊಗೆ ಇಲ್ಲ. ಆದರೆ ನಡುಕ ಉಳಿದಿತ್ತು. ನಾಲ್ಕು ಸಲ ಗುಡುಗಿ ಮತ್ತೆ ನಿಂತಿತು. ಮಸೀದಿಯ ಕಡೆಯಿಂದ ಆಜಾನ್ ಕೇಳಿಸಿತು. ಪೀರ್ ಸಾಬರು ಬರಲು ಇನ್ನು ಮುಕ್ಕಾಲು ಗಂಟೆ.

"ಮೊದ್ಲು ಪೆಟ್ರೋಲ್ ಜಾಸ್ತಿ ಆಗಿ ಸಾಯ್ತಿತ್ತು," ಎಂದಳು ಹೊನ್ನಕ್ಕ, ತನಗೇ ಹೇಳಿಕೊಳ್ಳುವಂತೆ. "ಈಗ ಕಮ್ಮಿ ಆಗಿ ಸಾಯ್ತೈತೆ. ತಗಡು ನಿಜಾನೇ ಹೇಳ್ತೈತೆ. ಅಂಗಾದ್ರೆ ತಗಡಿಗೆ ಕಾಣ್ದಂಗೆ ಎಲ್ಲಿಂದ್ಲೋ ಗಾಳಿ ಬರ್ತೈತೆ."

ಬಾಗಿಲಲ್ಲಿ ಎಣಿಸಿದ್ದು ಹತ್ತು ಜನ, ಒಳಗೆ ಊಟಕ್ಕೆ ಕೂತದ್ದು ಹದಿಮೂರು ಎನ್ನುವ ಹಾಗೆ. ತಗಡು ದಾಟಿದ ಮೇಲೆ ಇಂಜಿನ್ನಿನವರೆಗೆ ಒಂದು ದಪ್ಪ ರಬ್ಬರ್ ಕೊಳವೆ. ಅದರಲ್ಲಿ ಎಲ್ಲಾದರೂ ಸಂದಿದ್ದರೆ, ಅಲ್ಲಿಂದ ನುಗ್ಗುವ ಕಳ್ಳಗಾಳಿ ತಗಡಿನ ಲೆಕ್ಕಕ್ಕೆ ಸಿಗುವುದಿಲ್ಲ. ಆದರೆ ಇಂಜಿನ್ನಿನ ಸದ್ದಿನಲ್ಲಿ ಅದನ್ನು ಹುಡುಕುವುದು ಹೇಗೆ?

ಹೊನ್ನಕ್ಕ ಹೋಟೆಲ್ಲಿನಿಂದ ಹುರಿದ ಕಡ್ಲೆಕಾಯಿ ಬೀಜದ ತೆಳು ಕೆಂಪು ಸಿಪ್ಪೆ ಒಂದು ಹಿಡಿ ತಂದಳು. ಜಯರಾಮಯ್ಯ ಕಾರನ್ನು ಹತ್ತಿಸಿ, ನಿಲ್ಲದಂತೆ ಪೆಡಲು ತುಳಿದು ಹಿಡಿದುಕೊಂಡ. ಆಕೆ ಚಿಟಿಕೆ ಚಿಟಿಕೆಯಾಗಿ ಸಿಪ್ಪೆಯನ್ನು ಕೊಳವೆಯ ಉದ್ದಕ್ಕೂ ಉದುರಿಸುತ್ತ ಬಂದಳು. ಉದುರಿದ್ದು ಉದುರಿದ ಹಾಗೇ ಕೆಳಗೆ ಬಿದ್ದಿತು. ಕೊಳವೆಯ ತುದಿಯಲ್ಲಿ, ತಳಭಾಗದಲ್ಲಿ ಮಾತ್ರ ನಾಲ್ಕು ಸಿಪ್ಪೆ ಕೆಳಗೆ ಬೀಳದೆ ಹೋಗಿ ರಬ್ಬರಿಗೆ ಕಚ್ಚಿಕೊಂಡವು. ಅಲ್ಲಿ ಬಿಗಿಯುವ ಪಟ್ಟಿ ಸಡಿಲವಾಗಿತ್ತು, ಪಕ್ಕದಲ್ಲೇ ರಬ್ಬರು ಎರಡು ಬೆರಳಗಲ ಸೀಳಿತ್ತು. ಬಿಚ್ಚುವಾಗ ಯಾರೋ ಸ್ಕ್ರೂಡ್ರೈವರಿನಲ್ಲಿ ಮೀಟಿದ ಗುರುತು.

"ಇದು ನಂದಲ್ಲ ಸ್ವಾಮಿ," ಎಂದಳು ಹೊನ್ನಕ್ಕ. "ಎಣ್ಣೆ ನಂದು. ಇದು ಬೆಂಗ್ಳೂರಿಂದು."

ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ, ಎಳೆದೆಳೆದು ಏಳು ಸುತ್ತು ಸುತ್ತಿದಳು. ಪಟ್ಟಿ ಬಿಗಿದರು. ಕೀ ತಿರುಗಿಸಿದರು. ಇಂಜಿನ್ನು ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರ್‌ಗುಟ್ಟುತ್ತ ಕೂತಿತು.

ಬಸವಲಿಂಗಯ್ಯ ಅಷ್ಟಕ್ಕೆ ನಂಬುವವರಲ್ಲ. "ನಿಂತ್ಕೊಂಡು ಗುರ್ ಅನ್ನೋದು ಬ್ಯಾರೆ, ಏರು ಹತ್ತೋದು ಬ್ಯಾರೆ," ಎಂದರು. "ನೀನೂ ಕೂತ್ಕ. ಮಧುಗಿರಿ ಏರಿನಾಗೆ ನಿಂತ್ರೆ, ಅಲ್ಲೇ ಇಳ್ಸಿ ಬರ್ತೀನಿ."

ಹೊನ್ನಕ್ಕ ಕಾರಿನ ಮುಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು. ಊರು, ಹೊಲ, ಹುಣಸೆಮರಗಳು ಹಿಂದೆ ಓಡಿದ್ದನ್ನು ಆಕೆ ನೋಡಲೇ ಇಲ್ಲವಂತೆ. ಕಿವಿಯೆಲ್ಲ ಬಾನೆಟ್ಟಿನೊಳಗೆ. ಏರು ಶುರುವಾಯಿತು. ಹಿಂದಿನ ಸಲ ಕಾರು ಸತ್ತಿದ್ದ ಮೈಲಿಗಲ್ಲು ಬಂತು. ಬಸವಲಿಂಗಯ್ಯ ಪೆಡಲನ್ನು ಪೂರ್ತಿ ತುಳಿದರು.

"ಆವಾಗ ಒಳಗೆ ಬಾಗ್ಲು ದಬಕ್ಕಂತ ಪೂರ್ತಿ ತೆರ್ಕಂತು ಕಣ್ರಿ," ಎನ್ನುತ್ತಾಳೆ ಹೊನ್ನಕ್ಕ. "ಕಣ್ಣಿಗೇನು ಕಾಣ್ಲಿಲ್ಲ. ಆದ್ರೂ ಗೊತ್ತಾತು. ಮಿಲ್ನಾಗೆ ಕರೆಂಟು ಪೂರ್ತಿ ಬಂದಾಗ ತಟ್ಟು ಎದ್ದು ನಿಲ್ತಿತ್ತಲ್ಲ, ಅಂಗೆ."

ಕಾರು ಏರು ಹತ್ತಿತು. ಬಸವಲಿಂಗಯ್ಯ ತುದಿಯಲ್ಲಿ ನಿಲ್ಲಿಸಿ, ಆರಿಸಿ, ಹತ್ತಿಸಿ, ಮತ್ತೆ ಆರಿಸಿ, ಮತ್ತೆ ಹತ್ತಿಸಿ, ಮೂರು ಸಲ ನೋಡಿದರು. ವಾಪಸು ತಿರುಗಿಸುವಾಗ ಅಂದರು: "ನೀನು ಎಣ್ಣೆ ವಿಸ್ಯ ಹೇಳ್ದೆ ಇದ್ದಿದ್ರೆ ನಂಗೆ ಗೊತ್ತಾಗ್ತಾನೇ ಇರ್ಲಿಲ್ಲ."

"ಗೊತ್ತಾಗ್ದಿದ್ರೆ ನಾಳೆ ಇನ್ನೊಂದು ಗಾಡಿಗೂ ಬುಡ್ತಿದ್ದೆ ಸ್ವಾಮಿ."

ಇತ್ತ ಪೀರ್ ಸಾಬರು ನಮಾಜು ಮುಗಿಸಿ ಬಂದರೆ ಮರದ ಬುಡ ಖಾಲಿ. ಕಾರೂ ಇಲ್ಲ, ಹೊನ್ನಕ್ಕನೂ ಇಲ್ಲ. ಹೆಂಗಸು ಕಾರು ಕದ್ದುಕೊಂಡು ಓಡಿಹೋದಳೆಂದು ಹೋಟೆಲ್ಲಿನವರು ಹಬ್ಬಿಸಿದ ಸುದ್ದಿಯನ್ನು ಸಾಬರು ಅರ್ಧ ನಂಬಿಯೂ ಇದ್ದರು. ಅಷ್ಟರಲ್ಲಿ ಕಾರು ಬಂದು ಮರದ ನೆರಳಿಗೇ ನಿಂತಿತು.

"ಸಾಬ್ರೇ," ಎಂದರು ಬಸವಲಿಂಗಯ್ಯ, ಗಾಜು ಇಳಿಸಿ. "ಈ ಕಾರಿನ ಗಾಳಿಡಬ್ಬ ಇನ್ಮೇಲೆ ಈಯಮ್ಮನ ಕೈಗೇ. ಹನ್ನೆರಡು ಲಾರೀದೂವೆ. ಆದ್ರೆ ನಾನು ಬಂದಾಗ ಆ ಎಣ್ಣೆ ಬುಡ್ಡಿ ನಿಮ್ಮ ಪೆಟ್ಟಿಗೇಲಿ ಬೀಗದಾಗೆ ಇರ್ಬೇಕು."

"ಬುಡ್ಡಿಗೆ ಬೀಗ," ಎಂದು ಪೀರ್ ಸಾಬರು ಗಡ್ಡ ಸವರಿಕೊಂಡರು. "ಹೊನ್ನಕ್ಕನಿಗೆ ಮರ. ಠೀಕ್ ಹೈ." ಅಂದಿನಿಂದ ಇಂದಿನವರೆಗೆ ಈ ಕಟ್ಟಳೆ ನಡೆದುಕೊಂಡು ಬಂದಿದೆ. ಮಧುಗಿರಿ ಕಡೆಯಿಂದ ಬಿಳೀ ಕಾರು ಕಂಡರೆ ಸಾಕು, ಶೆಡ್ಡಿನಲ್ಲಿ ಯಾರಾದರೊಬ್ಬರು ಬುಡ್ಡಿ ಎತ್ತಿಕೊಂಡು ಓಡುತ್ತಾರೆ.

ಬೆಳಗಿನ ಹತ್ತನೆಯ ಡಬ್ಬ ಮುಗಿಸಿ, ಕೈ ಒರೆಸಿಕೊಂಡು ಹೊನ್ನಕ್ಕ ಎಲೆಯಡಿಕೆ ಬಿಚ್ಚುತ್ತಾಳೆ. ಆ ಮರದ ಬುಡ ಉಳಿದದ್ದಕ್ಕಿಂತ ದೊಡ್ಡ ಆಸೆ ಏನಾದರೂ ಇದೆಯೇ ಎಂದರೆ ಇದೆ. ಕಾರಿನೊಳಗೆ ಕಾಲ ಬಳಿ ಇದ್ದ ಆ ತಗಡಿನ ಪೆಟ್ಟಿಗೆ. ಸನ್ನೆ ನೋಡಿಕೊಂಡು ಪೆಟ್ರೋಲ್ ಸುರಿಯುವವನು ಒಳಗೆ ಹೇಗೆ ಕೂತಿದ್ದಾನೆ, ಎಷ್ಟು ಸುರಿಯಬೇಕೆಂದು ಹೇಗೆ ಎಣಿಸುತ್ತಾನೆ ಎಂದು ಅವತ್ತು ವಾಪಸು ಬರುವ ದಾರಿಯಲ್ಲೇ ಬಸವಲಿಂಗಯ್ಯನವರನ್ನು ಕೇಳಿದ್ದಳು. ಒಂದು ಸಲ ಮುಚ್ಚಳ ತೆಗೆದು ತೋರಿಸಿ ಎಂದಿದ್ದಳು. ಅವರು, "ಕಾಲು ಮೇಲೆ ಎತ್ತಿಟ್ಕ" ಎಂದರು. ಶಿರಾ ಬರುವವರೆಗೆ ಆಕೆ ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡೇ ಕೂತು ಬಂದಳು.

"ಗಾಳಿ ಅಳೆಯೋದು ಗೊತ್ತಾತು. ಸನ್ನೆ ಹೋಗೋದು ಗೊತ್ತಾತು. ಸುರಿಯೋನೊಬ್ನು ಉಳ್ಕೊಂಡ," ಎನ್ನುತ್ತಾಳೆ ಎಲೆಗೆ ಸುಣ್ಣ ಸವರುತ್ತ. "ಪೇಪರ್ನಾಗೆ ಹಾಕ್ತೀರಲ್ಲ, ಒಂದು ಮಾತು ಸೇರ್ಸಿ. ಓದೋರ ಮನೇಲಿ ಯಾರ್ದಾನ ಅಂಥ ಫಾರಿನ್ ಗಾಡಿ ಇದ್ರೆ, ಆ ಪೆಟ್ಗೆ ಬಿಚ್ಚಿ ಸಿರಾ ಬಸ್ಸಿಗೆ ಹಾಕಿ ಕಳ್ಸಿಕೊಡ್ಲಿ. ಕೆಟ್ಟಿದ್ರೂ ಪರ್ವಾಗಿಲ್ಲ." ಎಲೆಯನ್ನು ಬಾಯಿಗಿಟ್ಟು, ಮುಂದಿನ ಡಬ್ಬವನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ. "ಕೆಟ್ಟಿಲ್ದಿದ್ರೂ ಕಳ್ಸ್ಲಿ. ಕೆಡಿಸ್ಕೊಳಾದು ನಂಗ್ ಬುಡ್ಲಿ."